ಕಾಂತಕ್ಷೇತ್ರಕ್ಕೆ ಕಟ್ಟಿಹಾಕಿದ ಪ್ಲಾಸ್ಮಾ ಹರಿಯುವುದಾದರೂ ಹೇಗೆ?

ನಾಲೆಬಯಲು, ಮಂಡ್ಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಕಳೆದ ವಾರ ಟೋಕಮಾಕ್ ಕುರಿತು, ಅಂದರೆ ಪ್ಲಾಸ್ಮಾವನ್ನು (ಅಯಾನು, ಎಲೆಕ್ಟ್ರಾನುಗಳಾಗಿ ಒಡೆದ ಅತಿ ಬಿಸಿ ಅನಿಲವನ್ನು) ಕಾಂತಕ್ಷೇತ್ರದಿಂದ ಹಿಡಿದಿಡುವ ಬಳೆಯಾಕಾರದ ಯಂತ್ರದ ಕುರಿತು, ಒಂದು ಗಂಟೆಯ ಪಾಠ ಮಾಡಿದೆ. ಆಕಾರ ತೋರಿಸುವುದಕ್ಕೆ ಬೇರೇನೂ ತೋಚದೆ, ನಮ್ಮ ಅತ್ತೆಯವರು ಹಿಂದೆ ನೀರಿನ ಕೊಡ ಹೊರುವಾಗ ತಲೆಯ ಮೇಲಿಟ್ಟುಕೊಳ್ಳುತ್ತಿದ್ದ ಹುಲ್ಲಿನ ಸಿಂಬಿಯನ್ನು ಅಟ್ಟದಿಂದ ಇಳಿಸಿ ಒಯ್ದಿದ್ದೆ. ಸಿಂಬಿಯ ಉದ್ದಕ್ಕೂ ಒಂದು ಸುತ್ತು ಬರುವುದು ಟೊರಾಯ್ಡಲ್ ದಿಕ್ಕು, ಅದರ ಮೈಯನ್ನು ಅಡ್ಡಲಾಗಿ ಬಳಸಿ ಬರುವುದು ಪೊಲಾಯ್ಡಲ್ ದಿಕ್ಕು, ಹೊಸೆದ ಹುಲ್ಲಿನ ಎಳೆಗಳು ಎರಡೂ ಕಡೆಗೆ ಸುತ್ತುತ್ತ ಸಾಗುವಂತೆಯೇ ಕಾಂತರೇಖೆಗಳೂ ಸಾಗುತ್ತವೆ ಎಂದಾಗ ತರಗತಿಗೆ ಒಪ್ಪಿಗೆಯಾಯಿತು. ಇಲ್ಲಿಯೂ ಅವನ್ನು ಉದ್ದಸುತ್ತು, ಅಡ್ಡಸುತ್ತು ಎಂದೇ ಕರೆಯುತ್ತೇನೆ.

ತೊಡಕು ಶುರುವಾದದ್ದು ಆಮೇಲೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಮೇಡಂ, ಗೂಟಕ್ಕೆ ಕಟ್ಟಿದ ಎತ್ತು ಗೂಟದ ಸುತ್ತ ತಿರುಗಬಹುದೇ ಹೊರತು ಊರು ಸುತ್ತುವುದಕ್ಕೆ ಆಗುವುದಿಲ್ಲ. ಕಣಗಳೆಲ್ಲ ಕಾಂತರೇಖೆಗೆ ಕಟ್ಟಿಬಿದ್ದಿವೆ ಎಂದಿರಿ. ಹಾಗಿದ್ದ ಮೇಲೆ ಇಡೀ ಪ್ಲಾಸ್ಮಾ ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಹರಿಯುತ್ತದೆ ಎಂದು ಓದಿದ್ದೇನಲ್ಲ, ಅದು ಹೇಗೆ?" ಎಂದ. ಎತ್ತಿನ ಮಾತಿಗೆ ತರಗತಿ ನಕ್ಕಿತು, ನಾನು ಮಾತ್ರ ನಗಲಾಗಲಿಲ್ಲ. ರೇಖೆಯ ಗುಂಟ ಕಣಗಳು ಓಡಾಡಬಹುದು, ನಿಜ. ಆದರೆ ಆ ಕಡೆಗೆ ಓಡುವಷ್ಟೇ ಕಣಗಳು ಈ ಕಡೆಗೂ ಓಡಿದರೆ ಒಟ್ಟು ಹರಿವು ಶೂನ್ಯವೇ ತಾನೆ?

ಮನೆಗೆ ಬಂದು ಹುಡುಕಿದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಪ್ಲಾಸ್ಮಾ ಉದ್ದಸುತ್ತಿನಲ್ಲಿ ಸಲೀಸಾಗಿ ತಿರುಗುತ್ತದೆ, ಅಡ್ಡಸುತ್ತಿನಲ್ಲಿ ತಿರುಗಹೊರಟರೆ ಬೇಗನೆ ತಡೆಯಲ್ಪಡುತ್ತದೆ ಎಂದು ಬರೆದಿದ್ದರು, ಕಾರಣ ಬರೆದಿರಲಿಲ್ಲ. ಎರಡೂ ಸುತ್ತುಗಳೇ ಆಗಿರುವಾಗ ಈ ಭೇದವೇಕೆ? ಸಮೀಕರಣಗಳ ಗೊಂಡಾರಣ್ಯಕ್ಕೆ ಕರೆದೊಯ್ಯದೆ, ಆದರೆ ಸುಳ್ಳು ಸರಳತೆಯನ್ನೂ ಮಾಡದೆ ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಮೇಷ್ಟ್ರು, ಸರಸ್ವತಿಪುರಂ

ನಿಮ್ಮ ವಿದ್ಯಾರ್ಥಿಯ ಎತ್ತನ್ನು ನಾನು ಬಿಡುವುದಿಲ್ಲ, ಏಕೆಂದರೆ ಉತ್ತರದ ಅರ್ಧ ಅದರಲ್ಲೇ ಇದೆ. ಎತ್ತು ಗೂಟವನ್ನು ಬಿಟ್ಟುಹೋಗಲಾರದು ಎನ್ನುವುದು ಸರಿ. ಗೂಟವೇ ಮೆಲ್ಲಗೆ ಸರಿಯತೊಡಗಿದರೆ ಎತ್ತೂ ಸರಿಯಬೇಕಷ್ಟೆ. 5 ಟೆಸ್ಲಾ ಕ್ಷೇತ್ರದಲ್ಲಿ, ಸುಮಾರು ಹನ್ನೊಂದೂವರೆ ಕೋಟಿ ಡಿಗ್ರಿಯ ಪ್ಲಾಸ್ಮಾದಲ್ಲಿ, ಒಂದು ಡ್ಯೂಟೀರಿಯಂ (ಭಾರ ಹೈಡ್ರೋಜನ್) ಅಯಾನು ಸುತ್ತುವ ವೃತ್ತದ ತ್ರಿಜ್ಯ ಹೆಚ್ಚುಕಡಿಮೆ 4 ಮಿಲಿಮೀಟರ್. ಈ ವೃತ್ತದ ಕೇಂದ್ರವೇ ನಮ್ಮ ಗೂಟ.

ಆ ಗೂಟವನ್ನು ಸರಿಸುವುದು ವಿದ್ಯುತ್ ಕ್ಷೇತ್ರ. ಕಾಂತಕ್ಷೇತ್ರಕ್ಕೆ ಲಂಬವಾಗಿ ವಿದ್ಯುತ್ ಕ್ಷೇತ್ರವಿದ್ದರೆ, ಅಯಾನು ತನ್ನ ವೃತ್ತದ ಒಂದು ಪಕ್ಕದಲ್ಲಿ ಚುರುಕಾಗುತ್ತದೆ, ಇನ್ನೊಂದು ಪಕ್ಕದಲ್ಲಿ ನಿಧಾನವಾಗುತ್ತದೆ. ಚುರುಕಾದಲ್ಲಿ ಬಾಗು ದೊಡ್ಡದು, ನಿಧಾನವಾದಲ್ಲಿ ಬಾಗು ಚಿಕ್ಕದು; ಆದ್ದರಿಂದ ವೃತ್ತ ಮುಚ್ಚಿಕೊಳ್ಳದೆ, ಎರಡು ಕ್ಷೇತ್ರಗಳಿಗೂ ಲಂಬವಾದ ದಿಕ್ಕಿನಲ್ಲಿ ಸುರುಳಿ ಸುರುಳಿಯಾಗಿ ಜಾರುತ್ತ ಹೋಗುತ್ತದೆ. ಈ ಜಾರಿಕೆಯ ವೇಗವೆಂದರೆ ವಿದ್ಯುತ್ ಕ್ಷೇತ್ರವನ್ನು ಕಾಂತಕ್ಷೇತ್ರದಿಂದ ಭಾಗಿಸಿದಷ್ಟು. ಅದರಲ್ಲಿ ಕಣದ ತೂಕಕ್ಕೂ ವಿದ್ಯುದಂಶದ ಚಿಹ್ನೆಗೂ ಜಾಗವೇ ಇಲ್ಲ ಎನ್ನುವುದನ್ನು ತರಗತಿಯಲ್ಲಿ ಒತ್ತಿ ಹೇಳಿ. ಅಯಾನು, ಎಲೆಕ್ಟ್ರಾನು ಎರಡೂ ಒಂದೇ ಕಡೆಗೆ, ಒಂದೇ ವೇಗದಲ್ಲಿ ಜಾರುತ್ತವೆ. ಅಂದರೆ ಇಡೀ ಪ್ಲಾಸ್ಮಾವೇ ಜಾರುತ್ತದೆ. ಟೋಕಮಾಕ್‌ನಲ್ಲಿ ಈ ವಿದ್ಯುತ್ ಕ್ಷೇತ್ರ ಕೊಳವೆಯ ನಡುವಿನಿಂದ ಅಂಚಿನ ಕಡೆಗೋ ಅಂಚಿನಿಂದ ನಡುವಿಗೋ ಮುಖಮಾಡಿರುವುದರಿಂದ, ಜಾರಿಕೆ ಬಹುಪಾಲು ಅಡ್ಡಸುತ್ತಿನ ದಿಕ್ಕಿಗೆ ಬೀಳುತ್ತದೆ.

ಇನ್ನೊಂದು ಬಗೆಯ ಹರಿವಿದೆ, ಅದರಲ್ಲಿ ಗೂಟವೂ ಕದಲುವುದಿಲ್ಲ. ಇದನ್ನು ನಾನು ಪಾಠ ಮಾಡುತ್ತಿದ್ದಾಗ ಐದು ರೂಪಾಯಿ ನಾಣ್ಯವಿಟ್ಟು ತೋರಿಸುತ್ತಿದ್ದೆ. ಹಾಳೆಯ ಎಡಭಾಗದಲ್ಲಿ ನಾಣ್ಯದ ಅಂಚಿನ ಸುತ್ತ ಒತ್ತೊತ್ತಾಗಿ ಇಪ್ಪತ್ತು ವೃತ್ತಗಳನ್ನು ಎಳೆಯಿರಿ, ಬಲಭಾಗದಲ್ಲಿ ವಿರಳವಾಗಿ ಐದಾರು ಸಾಕು, ನಡುವೆ ಅವು ಒಂದರ ಮೇಲೊಂದು ಬೀಳಲಿ. ಎಲ್ಲಕ್ಕೂ ಗಡಿಯಾರದ ಮುಳ್ಳಿನ ದಿಕ್ಕಿಗೆ ಬಾಣ ಹಾಕಿ, ನಡುವೆ ಮೇಲಿಂದ ಕೆಳಕ್ಕೆ ಒಂದು ಕಿರಿದಾದ ಪಟ್ಟಿ ಗುರುತಿಸಿ, ಅದರೊಳಗೆ ಬಿದ್ದ ಬಾಣಗಳನ್ನು ಎಣಿಸಿ. ಎಡಗಡೆಯ ವೃತ್ತಗಳ ಬಲ ಅಂಚು ಕೆಳಕ್ಕೆ ಹೋಗುತ್ತದೆ, ಬಲಗಡೆಯ ವೃತ್ತಗಳ ಎಡ ಅಂಚು ಮೇಲಕ್ಕೆ ಹೋಗುತ್ತದೆ. ಎಡಗಡೆಯವು ಹೆಚ್ಚಾದ್ದರಿಂದ ಲೆಕ್ಕ ಕೆಳಮುಖವಾಗಿಯೇ ಬರುತ್ತದೆ. ಒಂದೇ ಒಂದು ಕೇಂದ್ರವೂ ಕದಲಿಲ್ಲ, ಆದರೂ ಆ ಪಟ್ಟಿಯಲ್ಲಿ ಹರಿವಿದೆ! ಪ್ಲಾಸ್ಮಾದ ನಡುಭಾಗದಲ್ಲಿ ಒತ್ತಡ ಹೆಚ್ಚು, ಅಂಚಿನಲ್ಲಿ ಕಡಿಮೆ ಇರುವುದರಿಂದ ಇದು ಎಲ್ಲೆಡೆ ಇದ್ದೇ ಇರುತ್ತದೆ. ಇದನ್ನು ಡಯಾಮ್ಯಾಗ್ನೆಟಿಕ್ ಹರಿವು ಎನ್ನುತ್ತಾರೆ. ಅಯಾನು ಮತ್ತು ಎಲೆಕ್ಟ್ರಾನುಗಳು ಎದುರುಬದುರು ದಿಕ್ಕಿನಲ್ಲಿ ಸುತ್ತುವುದರಿಂದ ಇಲ್ಲಿ ಹರಿವುಗಳೂ ಎದುರುಬದುರಾಗಿ ವಿದ್ಯುತ್ಪ್ರವಾಹವೊಂದು ಹುಟ್ಟುತ್ತದೆ. ಆ ಪ್ರವಾಹದ ಮೇಲೆ ಕಾಂತಕ್ಷೇತ್ರ ಹಾಕುವ ಬಲವೇ ಪ್ಲಾಸ್ಮಾದ ಒತ್ತಡವನ್ನು ತಡೆದು ನಿಲ್ಲಿಸಿರುವುದು. ಹಿಡಿದಿಡುವುದು ಮತ್ತು ಹರಿಯುವುದು ಎರಡು ಬೇರೆ ಸಂಗತಿಗಳು ಎಂಬ ಭಾವನೆ ಇಲ್ಲಿಗೆ ಮುರಿಯುತ್ತದೆ.

ಈಗ ಬಳೆಯ ಆಕಾರಕ್ಕೆ ಬರೋಣ. ನೆಟ್ಟಗಿನ ಕೊಳವೆಯಾಗಿದ್ದರೆ ಅಡ್ಡಸುತ್ತಿನ ಜಾರಿಕೆ ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತು. ಸಿಂಬಿಯಲ್ಲಿ ಹಾಗಲ್ಲ. ನಡುವಿನ ತೂತಿಗೆ ಹತ್ತಿರವಾದ ಒಳಪಕ್ಕದಲ್ಲಿ ಜಾಗ ಇಕ್ಕಟ್ಟು, ಕ್ಷೇತ್ರ ಬಲವಾದದ್ದು. ಹೊರಪಕ್ಕದಲ್ಲಿ ಜಾಗ ವಿಶಾಲ, ಕ್ಷೇತ್ರ ದುರ್ಬಲ. ಅಡ್ಡಸುತ್ತಿನಲ್ಲಿ ಹೊರಗಿನಿಂದ ಒಳಕ್ಕೆ ಬಂದ ಪ್ಲಾಸ್ಮಾ ಹಿಂಡಲ್ಪಡುತ್ತದೆ, ಒಳಗಿನಿಂದ ಹೊರಕ್ಕೆ ಹೋದದ್ದು ಹಿಗ್ಗುತ್ತದೆ. ಸಾಂದ್ರತೆ ಒಂದೇ ಕಡೆ ಗುಡ್ಡೆ ಬೀಳದಿರಬೇಕಾದರೆ, ಹಿಂಡಲ್ಪಟ್ಟದ್ದು ಕಾಂತರೇಖೆಯ ಗುಂಟ ಓಡಿ ತಪ್ಪಿಸಿಕೊಳ್ಳಬೇಕು. ಹೀಗೆ ರೇಖೆಯ ಗುಂಟ ಹುಟ್ಟುವ ಮರುಹರಿವಿಗೆ ಫಿರ್ಷ್ ಮತ್ತು ಶ್ಲೂಟರ್ ಎಂಬ ಇಬ್ಬರು ಜರ್ಮನ್ ಭೌತವಿಜ್ಞಾನಿಗಳ ಹೆಸರಿದೆ. ನಿಮ್ಮ ಮೊದಲ ಸಂದೇಹಕ್ಕೆ ಇಲ್ಲಿ ಉತ್ತರ ಸಿಗುತ್ತದೆ: ರೇಖೆಯ ಗುಂಟ ಆ ಕಡೆ ಓಡುವವರೂ ಈ ಕಡೆ ಓಡುವವರೂ ಸಮನಾಗಿರಲೇಬೇಕೆಂಬ ಕಟ್ಟುಪಾಡು ಇಲ್ಲ, ಸಮನಾಗಿರದಂತೆ ಜ್ಯಾಮಿತಿಯೇ ಬಲವಂತ ಮಾಡುತ್ತದೆ.

ಎಲ್ಲ ಕೂಡಿಸಿ ನೋಡಿದರೆ ಸೊಗಸಾದ ಒಂದು ಫಲ ಸಿಗುತ್ತದೆ. ಕಾಂತರೇಖೆಗಳು ಸುತ್ತಿ ಸುತ್ತಿ ಹೆಣೆಯುವ, ಒಂದರೊಳಗೊಂದು ಕೂತ ಕಾಂತಮೇಲ್ಮೈಗಳಲ್ಲಿ ಪ್ರತಿಯೊಂದರ ಮೇಲೂ ಹರಿವು ಎರಡೇ ಭಾಗಗಳಿಂದ ಕೂಡಿರಬೇಕು: ಇಡೀ ಮೇಲ್ಮೈ ಬಂಡಿಯ ಚಕ್ರದ ಹಾಗೆ ಒಂದೇ ಕೋನವೇಗದಲ್ಲಿ ಉದ್ದಸುತ್ತು ತಿರುಗುವುದು, ಮತ್ತು ಕಾಂತರೇಖೆಯ ಗುಂಟ ಹರಿಯುವುದು. ಒಂದು ಲೆಕ್ಕ ನೋಡಿ. ಕಾಂತಕ್ಷೇತ್ರ 2 ಟೆಸ್ಲಾ, ಅದರ ಅಡ್ಡಸುತ್ತಿನ ಅಂಶ 0.2 ಟೆಸ್ಲಾ, ವಿದ್ಯುತ್ ಕ್ಷೇತ್ರ ಮೀಟರಿಗೆ 10 ಕಿಲೋವೋಲ್ಟ್ ಎಂದಿಟ್ಟುಕೊಂಡರೆ ಜಾರಿಕೆಯ ವೇಗ ಸೆಕೆಂಡಿಗೆ 5 ಕಿಲೋಮೀಟರ್. ರೇಖೆಯ ಗುಂಟ ಸೆಕೆಂಡಿಗೆ 50 ಕಿಲೋಮೀಟರ್ ಹರಿವಿದ್ದರೆ ಅದರ ಹತ್ತನೆಯ ಒಂದು ಪಾಲು, ಅಂದರೆ ಅದೇ 5 ಕಿಲೋಮೀಟರ್, ಅಡ್ಡಸುತ್ತಿನಲ್ಲಿ ಎದುರಾಗಿ ಬಂದು ಜಾರಿಕೆಯನ್ನು ಅಳಿಸಿಹಾಕುತ್ತದೆ. ಉಳಿಯುವುದು ಅಪ್ಪಟ ಉದ್ದಸುತ್ತಿನ 50 ಕಿಲೋಮೀಟರ್. ಡಯಾಮ್ಯಾಗ್ನೆಟಿಕ್ ಭಾಗವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೂ ವಾದದ ದಾರಿ ಇದೇ.

ಅಡ್ಡಸುತ್ತನ್ನು ತಡೆಯುವವರು ಯಾರು? ಚಾಮುಂಡಿ ಬೆಟ್ಟವನ್ನು ನೆನೆಯಿರಿ. ಬೆಟ್ಟದ ಬುಡವನ್ನು ಒಂದೇ ಎತ್ತರದಲ್ಲಿ ಬಳಸಿ ನಡೆಯುವುದು ಉದ್ದಸುತ್ತು. ಮೆಟ್ಟಿಲು ಹತ್ತಿ ಆ ಕಡೆ ಇಳಿದು ಮತ್ತೆ ಹತ್ತುವುದು ಅಡ್ಡಸುತ್ತು. ಅಡ್ಡಸುತ್ತಿನ ಪ್ರತಿ ಸುತ್ತಿಗೂ ಪ್ಲಾಸ್ಮಾ ಬಲವಾದ ಕ್ಷೇತ್ರಕ್ಕೆ ಹತ್ತಿ ದುರ್ಬಲ ಕ್ಷೇತ್ರಕ್ಕೆ ಇಳಿಯಬೇಕು. ಹತ್ತುವಾಗ ಕಣಗಳ ಶಕ್ತಿ ಕ್ಷೇತ್ರಕ್ಕೆ ಅಡ್ಡವಾದ ಚಲನೆಯಲ್ಲಿ ಹೆಚ್ಚುತ್ತದೆ. ಅಷ್ಟರಲ್ಲಿ ಡಿಕ್ಕಿಗಳು ಅದನ್ನು ಉಳಿದ ದಿಕ್ಕುಗಳಿಗೂ ಹಂಚಿಬಿಡುವುದರಿಂದ, ಇಳಿಯುವಾಗ ಕೊಟ್ಟದ್ದೆಲ್ಲ ವಾಪಸು ಬರುವುದಿಲ್ಲ. ಕೊಟ್ಟದ್ದಕ್ಕೂ ಬಂದದ್ದಕ್ಕೂ ಇರುವ ವ್ಯತ್ಯಾಸ ಶಾಖವಾಗುತ್ತದೆ, ಹರಿವು ಸೋಲುತ್ತದೆ. (ಹತ್ತಿಳಿದ ಮೇಲೆ ಎತ್ತರ ಮೊದಲಿನಷ್ಟೇ ಆಯಿತಲ್ಲ ಎನ್ನುವವರು ನನ್ನ ಮಂಡಿಯನ್ನು ಕೇಳಬಹುದು.) ಉದ್ದಸುತ್ತಿನಲ್ಲಿ ಎಷ್ಟು ತಿರುಗಿದರೂ ಕ್ಷೇತ್ರ ಬದಲಾಗುವುದಿಲ್ಲವಾದ್ದರಿಂದ ಈ ತೆರಿಗೆ ಬೀಳುವುದಿಲ್ಲ.

ರೋಹಿತರೇಖೆ, ಮೈಸೂರು

ಮೇಷ್ಟ್ರು ಸಿದ್ಧಾಂತವನ್ನು ಹೇಳಿಯಾಗಿದೆ. ಈ ವೇಗವನ್ನು ಅಳೆಯುವುದು ಹೇಗೆ ಎನ್ನುವುದನ್ನು ನಾನು ಸೇರಿಸುತ್ತೇನೆ, ಏಕೆಂದರೆ ಹನ್ನೊಂದು ಕೋಟಿ ಡಿಗ್ರಿಯ ಒಳಗೆ ಅಳತೆಗೋಲು ಇಳಿಬಿಡುವುದಕ್ಕಾಗುವುದಿಲ್ಲ ಎಂದು ನಿಮ್ಮ ವಿದ್ಯಾರ್ಥಿ ಮುಂದಿನ ವಾರ ಕೇಳಿಯೇ ಕೇಳುತ್ತಾನೆ.

ಪ್ಲಾಸ್ಮಾದಲ್ಲಿ ಗೋಡೆಯಿಂದಲೋ ಬೇರೆಡೆಯಿಂದಲೋ ಬಂದ ಒಂದಿಷ್ಟು ಕಾರ್ಬನ್ ಇದ್ದರೆ ಅದರ ಎಲೆಕ್ಟ್ರಾನುಗಳೆಲ್ಲ ಕಳಚಿಹೋಗಿ ಬೆಳಕನ್ನೇ ಕೊಡುವುದಿಲ್ಲ. ಆಗ ಹೊರಗಿನಿಂದ ವೇಗದ ತಟಸ್ಥ ಹೈಡ್ರೋಜನ್ ಪರಮಾಣುಗಳ ಕಿರಣವನ್ನು ಹಾಯಿಸುತ್ತಾರೆ. ಬೆತ್ತಲೆ ಕಾರ್ಬನ್ ಅದರಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಕೊಂಡು, ಅದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವಾಗ 529.1 ನ್ಯಾನೊಮೀಟರಿನ ಹಸಿರು ಬೆಳಕನ್ನು ಸೂಸುತ್ತದೆ. ಪ್ಲಾಸ್ಮಾ ನಮ್ಮತ್ತ ಬರುತ್ತಿದ್ದರೆ ಆ ಬೆಳಕಿನ ರೋಹಿತರೇಖೆ ನೀಲಿಯ ಕಡೆಗೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆಗೆ ಸರಿಯುತ್ತದೆ. ರೈಲಿನ ಶಿಳ್ಳೆಯ ಕತೆಯೇ ಇದು. ಸೆಕೆಂಡಿಗೆ 100 ಕಿಲೋಮೀಟರ್ ವೇಗಕ್ಕೆ ಸರಿಯುವುದು ಸುಮಾರು 0.18 ನ್ಯಾನೊಮೀಟರ್ ಮಾತ್ರ. ಒಂದು ಕೋಟಿ ಚಿಲ್ಲರೆ ಡಿಗ್ರಿಯಲ್ಲಿ ಕಣಗಳ ಓಡಾಟದಿಂದಾಗಿ ಆ ರೇಖೆಯ ಅಗಲವೇ ಅದರ ಎರಡರಷ್ಟಿರುತ್ತದೆ. ಹೀಗೆ ಒಂದೇ ರೇಖೆಯ ಸರಿತದಿಂದ ಹರಿವು, ಅಗಲದಿಂದ ಉಷ್ಣತೆ ಎರಡೂ ತಿಳಿಯುತ್ತವೆ. ಒಂದು ಎಚ್ಚರ: ಅಳೆದದ್ದು ಕಾರ್ಬನ್ನಿನ ವೇಗ, ಹೈಡ್ರೋಜನ್ನಿನದಲ್ಲ. ಮೇಷ್ಟ್ರ ನಾಣ್ಯದ ಹರಿವು ವಿದ್ಯುದಂಶ ಹೆಚ್ಚಾದಂತೆ ಕಡಿಮೆಯಾಗುವುದರಿಂದ ಎರಡಕ್ಕೂ ವ್ಯತ್ಯಾಸವಿರುತ್ತದೆ. ಇದನ್ನು ಮರೆತು ಅಂಕಿಗಳನ್ನು ನೇರವಾಗಿ ಹೋಲಿಸುವುದು ಹೊಸಬರೆಲ್ಲ ಮಾಡುವ ತಪ್ಪು, ನಾನೂ ಮಾಡಿದ್ದೇನೆ.

ಫ್ರಾನ್ಸಿನ ಕಡರಾಶ್‌ನಲ್ಲಿ ಹಲವು ದೇಶಗಳು ಸೇರಿ ಕಟ್ಟುತ್ತಿರುವ ಐಟರ್ ಎಂಬ ದೊಡ್ಡ ಟೋಕಮಾಕ್ ಯಂತ್ರಕ್ಕೆ ಇಂಥ ಅಳತೆಗೆಂದೇ 100 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಹೈಡ್ರೋಜನ್ ಕಿರಣವನ್ನು ಒದಗಿಸುವ ಹೊಣೆ ಭಾರತದ್ದು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಈ ಕೆಲಸಕ್ಕೆ ನಮ್ಮ ದೇಶದ ನೆಲೆ. ಅಲ್ಲಿನ ಆದಿತ್ಯ ಟೋಕಮಾಕ್ 1989ರಿಂದ ನಡೆದು ಈಗ ನವೀಕರಣಗೊಂಡಿದೆ. ಬಳೆಯ ತ್ರಿಜ್ಯ 75 ಸೆಂಟಿಮೀಟರ್, ಕೊಳವೆಯ ತ್ರಿಜ್ಯ 25 ಸೆಂಟಿಮೀಟರ್ ಎಂದರೆ ಗಾತ್ರದ ಅಂದಾಜು ಸಿಕ್ಕೀತು. ಐಟರ್‌ನ ಬಳೆಯ ತ್ರಿಜ್ಯ 6.2 ಮೀಟರ್.

ಹರಿವನ್ನು ತಳ್ಳುವವರು ಯಾರು ಎಂಬುದನ್ನೂ ಹೇಳಬೇಕು. ಪ್ಲಾಸ್ಮಾವನ್ನು ಕಾಯಿಸಲು ಓರೆಯಾಗಿ ಹಾಯಿಸುವ ತಟಸ್ಥ ಕಿರಣವೇ ಅದನ್ನು ಉದ್ದಸುತ್ತಿಗೆ ತಳ್ಳುತ್ತದೆ. ಸೆಕೆಂಡಿಗೆ 100 ಕಿಲೋಮೀಟರ್ ದಾಟುವ ಹರಿವುಗಳು ಸಾಮಾನ್ಯವಾಗಿ ಹೀಗೆ ಬಂದವು. ಐಟರ್‌ನಲ್ಲಿ ಅಷ್ಟು ನಿರೀಕ್ಷಿಸಬಾರದು. ಅದರ ಕಾಯಿಸುವ ಕಿರಣದ ಶಕ್ತಿ 1 ಮೆಗಾ ಎಲೆಕ್ಟ್ರಾನ್‌ವೋಲ್ಟ್; ಅದೇ ಮೆಗಾವಾಟನ್ನು ಹೆಚ್ಚು ವೇಗದ ಕಣಗಳಿಂದ ಕೊಟ್ಟಾಗ ತಳ್ಳುವ ಬಲ ಕಡಿಮೆಯಾಗುತ್ತದೆ, ತಿರುಗಿಸಬೇಕಾದ ಪ್ಲಾಸ್ಮಾವಂತೂ ಭಾರಿ ಗಾತ್ರದ್ದು. ಇನ್ನು ಕಿರಣವೇ ಇಲ್ಲದೆ, ರೇಡಿಯೋ ಅಲೆಗಳಿಂದ ಮಾತ್ರ ಕಾಯಿಸಿದ ಪ್ಲಾಸ್ಮಾ ಕೂಡ ತಾನಾಗಿ ತಿರುಗುವುದನ್ನು ಅಮೆರಿಕದ ಎಂ.ಐ.ಟಿ.ಯ ಆಲ್ಕೇಟರ್ ಸಿ-ಮಾಡ್ ಯಂತ್ರದಲ್ಲಿ ಕಂಡಿದ್ದಾರೆ. ಯಾರೂ ತಳ್ಳದ ಉಯ್ಯಾಲೆ ತೂಗುವುದೇಕೆಂಬ ಪ್ರಶ್ನೆಗೆ ಪ್ಲಾಸ್ಮಾದೊಳಗಿನ ಪ್ರಕ್ಷುಬ್ಧತೆಯ, ಅಂದರೆ ಸಣ್ಣ ಸಣ್ಣ ಸುಳಿಗಳ ಕಲಕಾಟದ, ಕಡೆಗೆ ಬೆರಳು ತೋರಿಸುತ್ತಾರೆ.

ನಾಲೆಬಯಲು, ಮಂಡ್ಯ

ಇಬ್ಬರಿಗೂ ಕೃತಜ್ಞತೆಗಳು. ನಾಣ್ಯದ ಪ್ರಯೋಗವನ್ನು ನಿನ್ನೆ ಮಾಡಿಸಿದೆ. ಪಟ್ಟಿಯೊಳಗೆ ಕೆಳಮುಖವಾಗಿ 14, ಮೇಲ್ಮುಖವಾಗಿ 5 ಬಾಣಗಳು ಬಂದವು. ಆದರೆ ಮೇಷ್ಟ್ರ ಮಾತಿನಿಂದಲೇ ಒಂದು ಹೊಸ ತೊಡಕು ಹುಟ್ಟಿದೆ. ಅಡ್ಡಸುತ್ತಿನ ಹರಿವುಪಟ್ಟಿಗಳು (ಪಕ್ಕಪಕ್ಕದಲ್ಲಿ ಬೇರೆಬೇರೆ ವೇಗದಲ್ಲಿ ಹರಿಯುವ ಪ್ಲಾಸ್ಮಾದ ಪದರಗಳು) ಪ್ರಕ್ಷುಬ್ಧತೆಯನ್ನು ಅಡಗಿಸಿ ಶಾಖ ಸೋರುವುದನ್ನು ತಡೆಯುತ್ತವೆ ಎಂದು ಓದಿದೆ. ಅಡ್ಡಸುತ್ತು ಸೋತೇ ಹೋಗುವುದಾದರೆ ಅಡಗಿಸುವುದಕ್ಕೆ ಉಳಿದಿರುವುದೇನು?

ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ

ಮೇಡಂ, ನಾನು ಈ ವಿಷಯದ ಅಂಚಿನಲ್ಲಿ ಕೆಲಸ ಮಾಡುವವನು. ತಪ್ಪಿದರೆ ಮೇಷ್ಟ್ರು ತಿದ್ದಲಿ.

ಸೋಲುವುದು ಅಡ್ಡಸುತ್ತಿನ ಒಟ್ಟು ಹರಿವು, ವಿದ್ಯುತ್ ಕ್ಷೇತ್ರವಲ್ಲ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಮೇಷ್ಟ್ರ ಲೆಕ್ಕದಲ್ಲೇ ನೋಡಿ: ಜಾರಿಕೆಯ 5 ಕಿಲೋಮೀಟರ್ ಅಳಿಸಿಹೋದದ್ದು ರೇಖೆಯ ಗುಂಟ ಬಂದ ಹರಿವಿನಿಂದ, ಮೀಟರಿಗೆ 10 ಕಿಲೋವೋಲ್ಟ್ ಇದ್ದಲ್ಲೇ ಇದೆ. ಪ್ರಕ್ಷುಬ್ಧತೆಯ ಸುಳಿಗಳು ಕಾಂತರೇಖೆಯ ಗುಂಟ ಬಹಳ ಉದ್ದ, ಅಡ್ಡಲಾಗಿ ಬಹಳ ಕಿರಿದು. ಆದ್ದರಿಂದ ರೇಖೆಯ ಗುಂಟದ ಹರಿವು ಅವಕ್ಕೆ ಅಷ್ಟಾಗಿ ತಟ್ಟುವುದಿಲ್ಲ, ಅಡ್ಡಲಾದ ಜಾರಿಕೆ ತಟ್ಟುತ್ತದೆ. ಸಂಪೂರ್ಣ ಶೂನ್ಯವೂ ಆಗುವುದಿಲ್ಲ. ಅಯಾನುಗಳ ಉಷ್ಣತೆ ನಡುವಿನಿಂದ ಅಂಚಿಗೆ ಇಳಿಯುವ ದರಕ್ಕೆ ತಕ್ಕಷ್ಟು ಸಣ್ಣ ಅಡ್ಡಸುತ್ತಿನ ಹರಿವು ಉಳಿದೇ ಇರುತ್ತದೆ.

ತಾನಾಗಿ ಹುಟ್ಟುವ ಹರಿವುಪಟ್ಟಿಗಳ ವಿಚಾರ ಇನ್ನೂ ಸೂಕ್ಷ್ಮ. ಇವು ಗುರುಗ್ರಹದ ಮೇಲಿನ ಪಟ್ಟೆಗಳ ನೆಂಟರು. ಹಸೆಗಾವಾ ಮತ್ತು ಮಿಮಾ 1970ರ ದಶಕದಲ್ಲಿ ಪ್ಲಾಸ್ಮಾಕ್ಕೆ ಬರೆದ ಸಮೀಕರಣವೂ ಹವಾಮಾನ ಶಾಸ್ತ್ರದವರು ವಾತಾವರಣದ ಅಲೆಗಳಿಗೆ ಬಳಸುವ ಸಮೀಕರಣವೂ ರೂಪದಲ್ಲಿ ಒಂದೇ. ಇಂಥ ಪಟ್ಟಿ ಥಟ್ಟನೆ ಹುಟ್ಟಿದರೆ ಮೊದಲು ಮೇಷ್ಟ್ರು ಹೇಳಿದ ಹಿಂಡುವಿಕೆಯಿಂದ ಪ್ಲಾಸ್ಮಾದ ಮೇಲ್ಭಾಗ, ಕೆಳಭಾಗಗಳ ಸಾಂದ್ರತೆ ಏರುಪೇರಾಗಿ, ಶಬ್ದದ ಅಲೆಯಂತೆ ಹಿಂದೆಮುಂದೆ ತೂಗಾಡುತ್ತದೆ. ತೂಗಾಟ ಅಡಗಿದ ಮೇಲೆ ಒಂದು ಪಾಲು ಉಳಿಯುತ್ತದೆ ಎಂದು ರೋಸೆನ್‌ಬ್ಲೂತ್ ಮತ್ತು ಹಿಂಟನ್ 1998ರಲ್ಲಿ ತೋರಿಸಿದರು. ಅಡ್ಡಸುತ್ತು ಒಂದಕ್ಕೆ ಉದ್ದಸುತ್ತು ಎರಡರಂತೆ ರೇಖೆ ಸುತ್ತುವಲ್ಲಿ, ಬಳೆಯ ನಡುವಿನಿಂದ ಇರುವ ದೂರದ ಐದನೆಯ ಒಂದರಷ್ಟು ಕೊಳವೆಯ ತ್ರಿಜ್ಯವಿದ್ದರೆ, ಅವರ ಸೂತ್ರದ ಪ್ರಕಾರ ಉಳಿಯುವುದು ನೂರಕ್ಕೆ ಆರೇಳು ಪಾಲು. ಕಡಿಮೆ ಎನ್ನಿಸಬಹುದು. ಆದರೆ ಸುಳಿಗಳು ಅದನ್ನು ಮತ್ತೆ ಮತ್ತೆ ಊಡುತ್ತಿರುವುದರಿಂದ ಅಷ್ಟೇ ಸಾಕಾಗುತ್ತದೆ.

ಅಡಗಿಸುವ ಕೆಲಸವನ್ನು ಮಾಡುವುದು ವೇಗವಲ್ಲ, ಪಕ್ಕಪಕ್ಕದ ಪದರಗಳ ವೇಗದಲ್ಲಿರುವ ವ್ಯತ್ಯಾಸ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟ ದಿನ ದಡದ ಬಳಿ ನೊರೆಯ ಉಂಡೆಯೊಂದನ್ನು ನೋಡುತ್ತ ನಿಲ್ಲಿ. ನಡುನಾಲೆಯ ಕಡೆಗಿನ ಅದರ ಪಕ್ಕ ಬೇಗ ಓಡುತ್ತದೆ, ದಡದ ಕಡೆಗಿನ ಪಕ್ಕ ಹಿಂದೆ ಬೀಳುತ್ತದೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಉಂಡೆ ಶ್ಯಾವಿಗೆಯ ಎಳೆಯಾಗಿ ಹರಿದುಹೋಗುತ್ತದೆ. ಪ್ಲಾಸ್ಮಾದ ಸುಳಿಗೂ ಇದೇ ಗತಿ. ಶಾಖವನ್ನು ಅಂಚಿಗೆ ಹೊತ್ತೊಯ್ಯುವ ಮೊದಲೇ ಅದು ಹರಿದುಹೋಗುತ್ತದೆ. 1982ರಲ್ಲಿ ಜರ್ಮನಿಯ ಗಾರ್ಕಿಂಗ್‌ನ ಆಸ್ಡೆಕ್ಸ್ ಯಂತ್ರದಲ್ಲಿ ಫ್ರಿಟ್ಜ್ ವಾಗ್ನರ್ ಮತ್ತು ಸಂಗಡಿಗರು, ಕಾಯಿಸುವಿಕೆ ಒಂದು ಮಿತಿ ದಾಟಿದಾಗ ಪ್ಲಾಸ್ಮಾ ತಟ್ಟನೆ ಶಾಖವನ್ನು ಹೆಚ್ಚು ಚೆನ್ನಾಗಿ ಹಿಡಿದಿಟ್ಟುಕೊಳ್ಳುವುದನ್ನು ಕಂಡರು. ಎಚ್-ಮೋಡ್ ಎನ್ನುವ ಈ ಸ್ಥಿತಿಯಲ್ಲಿ ಅಂಚಿನ ತೆಳು ಪದರದಲ್ಲಿ ವಿದ್ಯುತ್ ಕ್ಷೇತ್ರ ಕಡಿದಾಗಿ ಬದಲಾಗುತ್ತದೆ. ಸುಳಿ ಹರಿದು ಚೂರಾಗುವ ಈ ವಾದವನ್ನು 1990ರಲ್ಲಿ ಬಿಗ್ಲಾರಿ, ಡೈಮಂಡ್, ಟೆರಿ ಎಂಬುವರು ಲೆಕ್ಕವಾಗಿ ಇಟ್ಟರು.

ನಾಲೆಯ ಹೋಲಿಕೆಯನ್ನು ಇಲ್ಲಿಗೇ ಬಿಡಿ. ನೀರಿನಲ್ಲಿ ಪದರಗಳ ವೇಗವ್ಯತ್ಯಾಸವೇ ಸುಳಿಯನ್ನು ಹುಟ್ಟಿಸುವುದೂ ಉಂಟು. ಟೋಕಮಾಕ್‌ನಲ್ಲಿ ಸುಳಿಗೆ ಶಕ್ತಿ ಸಿಗುವುದು ಮುಖ್ಯವಾಗಿ ಉಷ್ಣತೆ ಮತ್ತು ಸಾಂದ್ರತೆಗಳ ಇಳಿಜಾರಿನಿಂದ. ಅದಕ್ಕಾಗಿಯೇ ಅಲ್ಲಿ ವೇಗವ್ಯತ್ಯಾಸ ಹೆಚ್ಚಿನ ಸಂದರ್ಭಗಳಲ್ಲಿ ಕತ್ತರಿಯಾಗುತ್ತದೆ.

ನಿವೃತ್ತ ಮೇಷ್ಟ್ರು, ಸರಸ್ವತಿಪುರಂ

ತಿದ್ದುವುದಕ್ಕೇನೂ ಇಲ್ಲ, ಮಗೂ. ನನ್ನದೇ ಒಂದು ಮಾತನ್ನು ತಿದ್ದಿಕೊಳ್ಳಬೇಕು. ಉದ್ದಸುತ್ತಿಗೆ ತೆರಿಗೆಯೇ ಇಲ್ಲ ಎಂದದ್ದು ಬಳೆ ಸುತ್ತಲೂ ಒಂದೇ ಸಮನಾಗಿದ್ದರೆ ಮಾತ್ರ. ಕಾಂತಕ್ಷೇತ್ರ ಹುಟ್ಟಿಸುವ ತಂತಿಯ ಸುರುಳಿಗಳು ಬಿಡಿಬಿಡಿಯಾಗಿರುತ್ತವೆ, ಐಟರ್‌ನಲ್ಲಿ 18. ಅವುಗಳ ನಡುವಿನ ಸಂದಿಯಲ್ಲಿ ಕ್ಷೇತ್ರ ಸ್ವಲ್ಪ ತಗ್ಗಿ, ದಾರಿಯಲ್ಲಿ ಸಣ್ಣ ಉಬ್ಬುತಗ್ಗುಗಳು ಏಳುತ್ತವೆ, ಅಷ್ಟರಮಟ್ಟಿಗೆ ತಡೆ ಇದ್ದೇ ಇದೆ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ 2015ರ ಡಿಸೆಂಬರಿನಲ್ಲಿ ಶುರುವಾದ ವೆಂಡೆಲ್‌ಸ್ಟೈನ್ 7-ಎಕ್ಸ್‌ನಂಥ ಸ್ಟೆಲ್ಲರೇಟರ್ ಎಂಬ, ಟೋಕಮಾಕ್‌ನ ಸೋದರ ಯಂತ್ರಗಳಲ್ಲಿ ಬಳೆಯೇ ಸೊಟ್ಟಗಿರುವುದರಿಂದ ಉದ್ದಸುತ್ತಿನ ಸಲೀಸು ಹರಿವನ್ನು ಅಲ್ಲಿ ನಿರೀಕ್ಷಿಸುವಂತಿಲ್ಲ.

ನಾಲೆಬಯಲು, ಮಂಡ್ಯ

ಇಂದು ತರಗತಿಯಲ್ಲಿ ಸಿಂಬಿಯ ಒಂದು ಎಳೆಗೆ ಕೆಂಪು ನೂಲು ಕಟ್ಟಿ ಹಿಂಬಾಲಿಸಿದೆವು. ಒಂದು ಉದ್ದಸುತ್ತು ಮುಗಿಯುವಷ್ಟರಲ್ಲಿ ಅದು ಹನ್ನೊಂದು ಅಡ್ಡಸುತ್ತು ಹಾಕಿತ್ತು. ಟೋಕಮಾಕ್‌ನಲ್ಲಿಯೂ ಹೀಗೆಯೇ ಎಂದು ಹೇಳಬಹುದೇ?

ನಿವೃತ್ತ ಮೇಷ್ಟ್ರು, ಸರಸ್ವತಿಪುರಂ

ಹೇಳಬೇಡಿ. ಟೋಕಮಾಕ್‌ನಲ್ಲಿ ಲೆಕ್ಕ ತಿರುಗುಮುರುಗು: ಅಂಚಿನ ಬಳಿ ಒಂದು ಅಡ್ಡಸುತ್ತಿಗೆ ಎರಡಕ್ಕಿಂತ ಹೆಚ್ಚು, ಸಾಮಾನ್ಯವಾಗಿ ಮೂರರ ಆಸುಪಾಸು ಉದ್ದಸುತ್ತು ಇರುತ್ತದೆ. ಅಷ್ಟು ಬಿಗಿಯಾಗಿ ಹೊಸೆದ ಟೋಕಮಾಕ್ ಪ್ಲಾಸ್ಮಾ ನುಲಿದುಕೊಂಡು ಗೋಡೆಗೆ ಬಡಿಯುತ್ತದೆ. ನಿಮ್ಮ ಅತ್ತೆಯವರ ಸಿಂಬಿ ಹತ್ತಿರವಾಗುವುದು ಇಟಲಿಯ ಪಾದೋವಾದಲ್ಲಿರುವ ಆರ್‌ಎಫ್‌ಎಕ್ಸ್‌ನಂಥ, ಬೇರೆಯೇ ಜಾತಿಯ ಯಂತ್ರಕ್ಕೆ.

ನಾಲೆಬಯಲು, ಮಂಡ್ಯ

ಸಿಂಬಿಯನ್ನು ಬಿಚ್ಚಿ ಸಡಿಲವಾಗಿ ಹೊಸೆಯುವ ಧೈರ್ಯ ನನಗಿಲ್ಲ. ತೆಂಗಿನ ನಾರಿನ ಹಗ್ಗ ತಂದು, ಮೂರು ಉದ್ದಸುತ್ತಿಗೆ ಒಂದು ಹುರಿಯಂತೆ ಹೊಸದೊಂದನ್ನು ಮಾಡುವ ಕೆಲಸವನ್ನು ಎತ್ತಿನ ಹುಡುಗನಿಗೇ ವಹಿಸಿದ್ದೇನೆ.